ಮನೆಯೊಳಗಿನ ಇರವಿಗೆ ಒಂದು ಹೆಸರು

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬಂದ ಲೇಖನಗಳನ್ನು ತಿದ್ದುವ ಕೆಲಸವು ನಮ್ಮ ಪಾಲಿಗೆ ಬಂದಿದ್ದಿತು. ಭೌತಶಾಸ್ತ್ರ ಬೋಧಿಸುವವರಿಗೆ ಈ ಕೆಲಸವೇಕೆಂದು ವಾಚಕರು ಕೇಳಬಹುದು. ಕನ್ನಡದ ಅಧ್ಯಾಪಕರು ಆ ತಿಂಗಳು ರಜೆಯ ಮೇಲಿದ್ದರೆಂಬುದೇ ಅದಕ್ಕೆ ಉತ್ತರ. ಕಿತ್ತೂರಿನ ಕಡೆಯಿಂದ ಬರುವ ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಚರಿತ್ರೆಯನ್ನು ಕುರಿತು ಬರೆದಿದ್ದನು. ಅದರಲ್ಲಿ ಒಂದು ವಾಕ್ಯ ಹೀಗಿದ್ದಿತು: ‘1824ರ ಡಿಸೆಂಬರಿನಲ್ಲಿ ಕೋಟೆಯು ಬಿದ್ದ ಮೇಲೆ ಆಂಗ್ಲರು ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಲಾಕ್‌ಡೌನ್ ಮಾಡಿದರು.’

ಅಧ್ಯಾಪಕರ ಕೊಠಡಿಯಲ್ಲಿ ಇದನ್ನು ಓದಿದಾಗ ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಕೆಂಪು ಲೇಖನಿಯನ್ನು ಕೈಗೆತ್ತಿಕೊಂಡು ಆ ಪದವನ್ನು ಹೊಡೆದುಹಾಕಬೇಕೆಂದಾಗ ಕೈ ತಡೆಯಿತು. 2020ನೆಯ ಇಸವಿಯಲ್ಲಿ ಆ ಹುಡುಗನು ಹನ್ನೆರಡು-ಹದಿಮೂರು ವರ್ಷದವನು. ಮನೆಯ ಹೊಸ್ತಿಲನ್ನು ದಾಟಬಾರದೆಂದು ಅಧಿಕಾರವುಳ್ಳವರು ಹೇಳುವುದನ್ನು ಅವನು ತನ್ನ ಬಾಳಿನಲ್ಲಿ ಮೊದಲ ಸಲ ಕಂಡದ್ದು ಆಗ. ಅದಕ್ಕೆ ಅವನು ಕೇಳಿದ ಹೆಸರು ಲಾಕ್‌ಡೌನ್. ರಾಣಿಯ ಸ್ಥಿತಿಯೂ ಅವನಿಗೆ ಅದೇ ಆಗಿ ತೋರಿದುದರಲ್ಲಿ ಸೋಜಿಗವೇನು? ಅವನು ತಪ್ಪು ಬರೆದಿರುವನೆಂದು ಹೇಳುವ ಮೊದಲು, ನಾವು ಆ ವರ್ಷ ಇದ್ದ ಸ್ಥಿತಿಗೂ ಚೆನ್ನಮ್ಮನು 1829ರಲ್ಲಿ ತೀರಿಕೊಳ್ಳುವವರೆಗೆ ನಾಲ್ಕು ವರ್ಷಕ್ಕೂ ಮಿಕ್ಕಿ ಬೈಲಹೊಂಗಲದ ಕೋಟೆಯಲ್ಲಿ ಇದ್ದ ಸ್ಥಿತಿಗೂ ಇರುವ ಅಂತರವನ್ನು ನಾವು ಹೇಳಬಲ್ಲೆವೆ? ಈ ಪ್ರಶ್ನೆಯು ನಮ್ಮನ್ನು ನಿಘಂಟುಗಳ ಕಡೆಗೂ, ಅಲ್ಲಿಂದ, ಸ್ವಲ್ಪ ಸುತ್ತು ಬಳಸಿ, ನಮ್ಮ ಸ್ವಂತ ಶಾಸ್ತ್ರದ ಕಡೆಗೂ ಕರೆದೊಯ್ದಿತು.

ಲಾಕ್‌ಡೌನ್ ಎಂಬ ಆಂಗ್ಲಪದವು ಮೂಲದಲ್ಲಿ ರೋಗಕ್ಕೆ ಸಂಬಂಧಪಟ್ಟುದಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ ಮರದ ದಿಮ್ಮಿಗಳನ್ನು ತೆಪ್ಪದಂತೆ ಕಟ್ಟಿ ನದಿಯಲ್ಲಿ ತೇಲಿಬಿಡುತ್ತಿದ್ದರು. ಆ ದಿಮ್ಮಿಗಳು ಚದುರದಂತೆ ಹಿಡಿದಿಡುವ ಗೂಟ ಅಥವಾ ಪಟ್ಟಿಗೆ ಈ ಹೆಸರಿದ್ದಿತು. 1970ರ ದಶಕದಲ್ಲಿ ಅದೇ ದೇಶದ ಸೆರೆಮನೆಗಳಲ್ಲಿ ಗಲಭೆಯಾದಾಗ ಕೈದಿಗಳೆಲ್ಲರನ್ನೂ ತಮ್ಮ ತಮ್ಮ ಕೋಣೆಗಳೊಳಗೆ ಕೂಡಿ ಬೀಗ ಹಾಕುವ ಕ್ರಮಕ್ಕೆ ಅದು ಹೆಸರಾಯಿತು. ಅಲ್ಲಿಂದ ಶಾಲೆಗಳಿಗೂ ಕಚೇರಿಗಳಿಗೂ ಹರಡಿತು. 2020ರ ಮಾರ್ಚ್ 24ರ ರಾತ್ರಿ ನಮ್ಮ ದೇಶದಲ್ಲಿ ಇಪ್ಪತ್ತೊಂದು ದಿನಗಳ ಮುಚ್ಚುಗಡೆಯನ್ನು ಸಾರಿದಾಗ ರಾಮದುರ್ಗದ ಸಂತೆಯಲ್ಲಿಯೂ ಸವದತ್ತಿಯ ಗುಡ್ಡದಲ್ಲಿಯೂ ಅದೇ ಪದವು ನೆಲೆಸಿತು. ಆ ವರ್ಷದ ಪದವೆಂದು ಆಂಗ್ಲ ನಿಘಂಟೊಂದು ಅದನ್ನೇ ಆರಿಸಿಕೊಂಡಿತು. ಸೆರೆಮನೆಯ ಒಳಗಿನ ಪದವೊಂದು ಊರಿಗೆ ಊರೇ ಉಡುವ ಬಟ್ಟೆಯಾಯಿತು ಎನ್ನೋಣ.

ಸೆರೆಮನೆಗೆ ನಮ್ಮ ಭಾಗದ ಹಳೆಯ ಜನರು ಬಳಸುವ ಪದವು ತುರಂಗ. ಸಂಸ್ಕೃತದಲ್ಲಿ ತುರಂಗವೆಂದರೆ ಕುದುರೆ. ‘ಅವನು ತುರಂಗಕ್ಕೆ ಹೋದ’ ಎಂಬ ಮಾತನ್ನು ಕೇಳಿ ಹಳೆಯ ಮೈಸೂರಿನಿಂದ ಬಂದ ನಮ್ಮ ಗೆಳೆಯರೊಬ್ಬರು ತಬ್ಬಿಬ್ಬಾದುದುಂಟು. ಈ ತುರಂಗವು ಮರಾಠಿಯ ತುರುಂಗದ ಮೂಲಕ ಬಂದುದು, ಅದರ ಹಿಂದೆ ಪೋರ್ಚುಗೀಸರ ‘ತ್ರೊಂಕೊ’ ಎಂಬ ಪದವಿರುವುದು. ತ್ರೊಂಕೊ ಎಂದರೆ ಮರದ ಕಾಂಡ. ಅಪರಾಧಿಯ ಕಾಲುಗಳನ್ನು ತೂತು ಕೊರೆದ ಮರದ ಕೊರಡಿನಲ್ಲಿ ಸಿಕ್ಕಿಸುತ್ತಿದ್ದುದರಿಂದ ಅದು ಸೆರೆಮನೆಗೂ ಹೆಸರಾಯಿತು. ಅಮೆರಿಕೆಯ ನದಿಯಲ್ಲಿ ಒಂದು ಗೂಟ, ಗೋವೆಯ ತೀರದಲ್ಲಿ ಒಂದು ಕೊರಡು. ಎರಡೂ ಬೇರೆ ಬೇರೆ ದಾರಿಗಳಿಂದ ಬೆಳಗಾವಿ ಜಿಲ್ಲೆಗೆ ಬಂದು ಸೇರಿರುವುವು. ಇಂತಹ ಭೇಟಿಗಳನ್ನು ಕಲ್ಪಿಸಿ ಬರೆದರೆ ಯಾರೂ ನಂಬಲಾರರು.

ಕೈದು ಎಂಬ ಪದವು ಇನ್ನೊಂದು ಬಗೆಯ ತಮಾಷೆ. ಹಳಗನ್ನಡದಲ್ಲಿ ಕೈದು ಎಂದರೆ ಆಯುಧ, ಕೈಯಲ್ಲಿ ಹಿಡಿಯುವಂಥದು. ಈಗಿನ ಕೈದು ಅರಬ್ಬೀ ಭಾಷೆಯದು, ಕಾಲಿಗೆ ಹಾಕುವ ಬೇಡಿಯೆಂದು ಅದರ ಮೂಲಾರ್ಥ. ಮರಾಠಿಯಲ್ಲಿ ‘ನಜರಕೈದ್’ ಎಂಬ ಮಾತಿರುವುದು: ನೋಟದ ಬೇಡಿ, ಎಂದರೆ ಕಾವಲಿನವರ ಕಣ್ಣಳತೆಯಲ್ಲಿ ಇರಿಸುವುದು. ಬೈಲಹೊಂಗಲದ ಕೋಟೆಯಲ್ಲಿ ರಾಣಿಗೆ ಒದಗಿದ ಸ್ಥಿತಿಗೆ ನಮಗೆ ತಿಳಿದ ಪದಗಳಲ್ಲೆಲ್ಲ ಇದು ಅತ್ಯಂತ ಹೊಂದುವುದು.

ಅಚ್ಚಕನ್ನಡದ ಪದವೆಂದರೆ ಸೆರೆ. ಹಿಂದೆ ಇದನ್ನು ಶಕಟರೇಫವಿಟ್ಟು ‘ಸೆಱೆ’ ಎಂದು ಬರೆಯುತ್ತಿದ್ದರು. ತಮಿಳಿನ ‘ಶಿಱೈ’ ಇದರ ಒಡಹುಟ್ಟು, ತೆಲುಗಿನ ‘ಚೆಱ’ ಇನ್ನೊಂದು. ತಮಿಳಿನಲ್ಲಿ ಈ ಪದಕ್ಕೆ ಬಂಧನವೆಂದಲ್ಲದೆ ನೀರನ್ನು ತಡೆಯುವ ಕಟ್ಟೆ ಎಂಬ ಅರ್ಥವೂ ಇರುವುದು. ಇದು ನಮಗೆ ಬಹಳ ಹಿಡಿಸಿತು. ಸವದತ್ತಿಯ ಸಮೀಪದಲ್ಲಿ ನವಿಲುತೀರ್ಥದ ಬಳಿ, ಎರಡು ಗುಡ್ಡಗಳ ನಡುವೆ, ಮಲಪ್ರಭೆಯನ್ನು ತಡೆದು ನಿಲ್ಲಿಸಿರುವುದನ್ನು ವಾಚಕರಲ್ಲನೇಕರು ಕಂಡಿರಬಹುದು. ಕಟ್ಟೆಯೂ ಒಂದು ಸೆರೆ. ಆದರೆ ತೂಬಿಲ್ಲದ ಕಟ್ಟೆಯನ್ನು ಯಾವ ಇಂಜಿನಿಯರನೂ ಕಟ್ಟುವುದಿಲ್ಲ. ಎಷ್ಟು ತಡೆಯಬೇಕು, ಎಷ್ಟು ಕಾಲ ತಡೆಯಬೇಕು, ಯಾವ ದಾರಿಯಿಂದ ಬಿಡಬೇಕು ಎಂಬ ಲೆಕ್ಕವಿಲ್ಲದಿದ್ದರೆ ತಡೆಯುವುದೇ ಅನರ್ಥಕ್ಕೆ ಕಾರಣವಾಗುವುದು.

ರೋಗದ ಸಂದರ್ಭಕ್ಕೆಂದೇ ಹುಟ್ಟಿದ ಪದವು ಕ್ವಾರಂಟೈನ್. ಆಡ್ರಿಯಾಟಿಕ್ ಸಮುದ್ರದ ದಂಡೆಯ ರಗೂಸಾ ನಗರವು (ಇಂದಿನ ದುಬ್ರೊವ್ನಿಕ್) 1377ರಲ್ಲಿ ಪ್ಲೇಗಿನ ಸೀಮೆಗಳಿಂದ ಬಂದವರು ಮೂವತ್ತು ದಿನ ಊರ ಹೊರಗೆ ಕಾಯಬೇಕೆಂದು ಕಟ್ಟಳೆ ಮಾಡಿತು. ಮುಂದೆ ಅದು ನಲವತ್ತು ದಿನವಾಯಿತು. ವೆನಿಸ್ಸಿನವರ ಮಾತಿನಲ್ಲಿ ‘ಕ್ವಾರಂಟ’ ಎಂದರೆ ನಲವತ್ತು. ನಲವತ್ತೇ ಏಕೆ ಎಂಬುದಕ್ಕೆ ವೈದ್ಯಕೀಯ ಕಾರಣಕ್ಕಿಂತ ಧಾರ್ಮಿಕ ಸಂಪ್ರದಾಯವೇ ಹೆಚ್ಚು ಪ್ರಬಲವಾಗಿದ್ದಿತು. ಕ್ರೈಸ್ತರಿಗೆ ಅದು ಉಪವಾಸದ ಸಂಖ್ಯೆ. ಅದೇನೇ ಇರಲಿ, ಆ ಪದದ ಹೊಟ್ಟೆಯಲ್ಲಿ ಒಂದು ಸಂಖ್ಯೆಯಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಲಾಕ್‌ಡೌನಿನ ಹೊಟ್ಟೆಯಲ್ಲಿ ಇರುವುದು ಬೀಗ. ಕ್ವಾರಂಟೈನಿನ ಹೊಟ್ಟೆಯಲ್ಲಿ ಇರುವುದು ದಿನಗಳ ಎಣಿಕೆ. ಎಣಿಕೆಯಿರುವೆಡೆ ಕೊನೆಯೂ ಇರುವುದು. 2020ರಲ್ಲಿ ನಾವು ಅದನ್ನು ಹದಿನಾಲ್ಕಕ್ಕೆ ಇಳಿಸಿಕೊಂಡು, ಹದಿನಾಲ್ಕು ದಿನದ ನಲವತ್ತು ಎಂಬ ವಿಚಿತ್ರ ಗಣಿತವನ್ನು ಸೃಷ್ಟಿಸಿದೆವು. ಈ ಇಳಿಕೆಗೆ ವೈಜ್ಞಾನಿಕ ಕಾರಣವಿದ್ದಿತು: ಸೋಂಕು ತಗುಲಿದ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು ಹಿಡಿಯುವ ಅವಧಿಯು ಬಹುಮಟ್ಟಿಗೆ ಅಷ್ಟರೊಳಗೆ ಮುಗಿಯುತ್ತಿದ್ದಿತು.

ಇನ್ನು ಕರ್ಫ್ಯೂ. 2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು. 2021ರ ಏಪ್ರಿಲ್ 27ರ ರಾತ್ರಿಯಿಂದ ನಮ್ಮ ರಾಜ್ಯದಲ್ಲಿ ಮತ್ತೊಮ್ಮೆ ಎಲ್ಲವನ್ನೂ ಮುಚ್ಚಿದಾಗಲೂ ಲಾಕ್‌ಡೌನ್ ಎಂಬ ಮಾತನ್ನು ತಪ್ಪಿಸಿ ಕರ್ಫ್ಯೂ ಎಂದೇ ಮೊದಲು ಕರೆದರು. ಇದು ಹಳೆಯ ಫ್ರೆಂಚರ ‘ಕುವ್ರ್ ಫೂ’, ಎಂದರೆ ‘ಬೆಂಕಿಯನ್ನು ಮುಚ್ಚು’. ಮಧ್ಯಯುಗದ ಯೂರೋಪಿನಲ್ಲಿ ಸಂಜೆ ಗಂಟೆ ಬಾರಿಸಿದೊಡನೆ ಮನೆಮನೆಯವರೂ ಒಲೆಯ ಬೆಂಕಿಯನ್ನು ಮುಚ್ಚಿ ಮಲಗಬೇಕಾಗಿದ್ದಿತು. ಮರದ ಮನೆಗಳ ಊರಿಗೆ ಬೆಂಕಿಯ ಭಯ. ನಮ್ಮ ಅಜ್ಜಿಯಂದಿರು ರಾತ್ರಿ ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚಿ ಬೆಳಗಿನಲ್ಲಿ ಅದನ್ನೇ ಕೆದಕಿ ಊದಿ ಉರಿಸುತ್ತಿದ್ದರಷ್ಟೆ. ಬೂದಿಯು ಉಷ್ಣವನ್ನು ಹೊರಬಿಡದು, ಗಾಳಿಯನ್ನು ಬಹು ಮೆಲ್ಲಗೆ ಒಳಬಿಡುವುದು. ಆದುದರಿಂದ ಕೆಂಡವು ಆರದು, ಉರಿಯದು, ಮೆಲ್ಲಗೆ ಸವೆಯುತ್ತ ಬೆಳಗಿನವರೆಗೆ ಬದುಕಿರುವುದು. ಸಾಂಕ್ರಾಮಿಕವನ್ನು ತಡೆಯುವ ಮುಚ್ಚುಗಡೆಯ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲು ಸಾಧ್ಯವಿಲ್ಲ. ಅದು ರೋಗವನ್ನು ಆರಿಸಲಿಲ್ಲ, ಅದರ ವೇಗವನ್ನು ಇಳಿಸಿತು. ‘ಬೂದಿ ಮುಚ್ಚಿದ ಕೆಂಡ’ವೆಂಬ ನಮ್ಮ ನಾಣ್ಣುಡಿಯೇ ಕರ್ಫ್ಯೂವಿನ ನಿಜವಾದ ಕನ್ನಡ ರೂಪವೆಂದು ನಾವು ತರಗತಿಯಲ್ಲಿ ಹೇಳುವುದುಂಟು.

ಇಷ್ಟು ಪದಗಳ ವಂಶಾವಳಿಯನ್ನು ಹೇಳಿದುದು ಕೇವಲ ವಿನೋದಕ್ಕಾಗಿ ಅಲ್ಲ. ಒಂದು ವೈಜ್ಞಾನಿಕ ಕ್ರಮವನ್ನು ನಾವು ಯಾವ ಹೆಸರಿನಿಂದ ಕರೆಯುವೆವೋ ಆ ಹೆಸರೇ ಜನರ ಕೈಕಾಲುಗಳನ್ನು ಆಡಿಸುವುದು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಮನೆಯೇ ಸಾಕ್ಷಿ.

2020ರ ಜುಲೈ ತಿಂಗಳಿನಲ್ಲಿ ನಮಗೆ ಜ್ವರ ಬಂದಿತು. ಪರೀಕ್ಷೆಯಾಯಿತು, ಸೋಂಕಿರುವುದು ತಿಳಿಯಿತು. ಮರುದಿನ ಇಬ್ಬರು ಬಂದು ಬಾಗಿಲಿಗೆ ಒಂದು ಚೀಟಿಯನ್ನು ಅಂಟಿಸಿ, ಬೀದಿಗೆ ಅಡ್ಡಲಾಗಿ ಗಳಗಳನ್ನು ಕಟ್ಟಿ, ‘ಸೀಲ್‌ಡೌನ್ ಆಗ್ಯದ, ಹೊರಗ ಬರಬ್ಯಾಡ್ರಿ’ ಎಂದು ಹೇಳಿಹೋದರು. ಹಾಲಿನವನು ದಾರಿ ಬದಲಿಸಿದನು. ಎದುರು ಮನೆಯವರು ತಮ್ಮ ಕಿಟಕಿಗಳನ್ನು ಮುಚ್ಚಿಕೊಂಡರು. ನಾಚಿಕೆಯಿಂದ ನಾವೂ ನಮ್ಮ ಕಿಟಕಿಗಳನ್ನು ಮುಚ್ಚಿದೆವು. ಹೌದು, ವಿಸರಣ ನಿಯಮವನ್ನು ವರ್ಷಕ್ಕೆ ಎರಡು ಸಲ ಬೋಧಿಸುವ ನಾವೇ, ಎರಡು ಕಿಟಕಿಗಳನ್ನೂ ಬೆಳಕಿಂಡಿಯನ್ನೂ ಮುಚ್ಚಿ, ಆ ಕೋಣೆಯಲ್ಲಿ ಕೆಮ್ಮುತ್ತ ಕುಳಿತೆವು. ಬೀಗವೆಂದ ಮೇಲೆ ಎಲ್ಲಕ್ಕೂ ಬೀಗವೆಂದೇ ಮನಸ್ಸು ತಿಳಿದಿದ್ದಿತು. ಐದನೆಯ ದಿನ ನಮ್ಮ ತಾಯಿಯವರಿಗೆ ಜ್ವರ ಕಾಣಿಸಿತು. ಅವರು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮರಳಿ ಬಂದರು. ಆದರೆ ಆ ಮೊದಲಿನ ಉಸಿರು ಅವರಿಗೆ ಮತ್ತೆ ಬರಲಿಲ್ಲ.

ಕಿಟಕಿ ತೆರೆದಿದ್ದರೆ ಅವರಿಗೆ ಸೋಂಕು ತಗುಲುತ್ತಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಒಂದು ಮನೆಯ ಅನುಭವದಿಂದ ಅಂತಹ ತೀರ್ಮಾನಕ್ಕೆ ಬರಲಾಗದು. ಆದರೆ ಲೆಕ್ಕವು ಏನು ಹೇಳುವುದೆಂಬುದನ್ನು ನೋಡಬಹುದು. ನಾವು ಮಾತನಾಡುವಾಗಲೂ ಕೆಮ್ಮುವಾಗಲೂ ಬಾಯಿಂದ ಹೊರಡುವ ಹನಿಗಳು ನಾನಾ ಗಾತ್ರದವು. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಮೈಕ್ರಾನ್ ಎನ್ನುವರು. 100 ಮೈಕ್ರಾನಿನ ಹನಿಯು ಬಾಯಿಯ ಎತ್ತರದಿಂದ, ಎಂದರೆ ಸುಮಾರು ಒಂದೂವರೆ ಮೀಟರಿನಿಂದ, ಐದಾರು ಸೆಕೆಂಡುಗಳಲ್ಲಿ ನೆಲಕ್ಕೆ ಬೀಳುವುದು. ಸ್ಟೋಕ್ಸನ ನಿಯಮದಂತೆ ಬೀಳುವ ವೇಗವು ವ್ಯಾಸದ ವರ್ಗಕ್ಕೆ ಅನುಗುಣವಾದುದು. ಆದುದರಿಂದ 5 ಮೈಕ್ರಾನಿನ ಹನಿಗೆ ಅದೇ ದೂರ ಇಳಿಯಲು ಅರ್ಧ ಗಂಟೆಗೂ ಮಿಕ್ಕಿ ಬೇಕು, 1 ಮೈಕ್ರಾನಿನದಕ್ಕೆ ಹನ್ನೆರಡು ಗಂಟೆಗೂ ಮಿಕ್ಕಿ ಬೇಕು. ಇದು ಅಲುಗಾಡದ ಗಾಳಿಯ ಮಾತು. ನಿಜವಾದ ಕೋಣೆಯಲ್ಲಿ ನಮ್ಮ ಮೈಯ ಬಿಸಿಯಿಂದಲೇ ಏಳುವ ಗಾಳಿಯು ಇಷ್ಟು ಮೆಲ್ಲಗೆ ಇಳಿಯುವ ಹನಿಯನ್ನು ಇಳಿಯಲು ಬಿಡದೆ ಮೇಲಕ್ಕೆ ಒಯ್ಯುವುದು. ಅದನ್ನು ಹೊರಹಾಕಲು ನೆಲಕ್ಕೆ ಸಾಧ್ಯವಿಲ್ಲ, ಕಿಟಕಿಗೆ ಸಾಧ್ಯ.

ಎಷ್ಟು ಸಾಧ್ಯ? ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ 36 ಘನಮೀಟರ್ ಗಾಳಿಯಿರುವುದು. ಎಲ್ಲವನ್ನೂ ಮುಚ್ಚಿದಾಗ ಸಂದುಗೊಂದುಗಳ ಮೂಲಕ ಗಂಟೆಗೆ 18 ಘನಮೀಟರ್ ಹೊಸ ಗಾಳಿ ಬಂದಿತೆಂದು ಇಟ್ಟುಕೊಳ್ಳೋಣ. ಎಂದರೆ ಗಂಟೆಗೆ ಅರ್ಧ ಸಲ ಗಾಳಿ ಬದಲಾದಂತೆ. ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದಾಗ ಗಂಟೆಗೆ ಆರು ಸಲ ಬದಲಾಯಿತೆನ್ನೋಣ. ರೋಗಿಯು ಕೋಣೆಯಿಂದ ಹೊರಗೆ ಹೋದ ಅರ್ಧ ಗಂಟೆಯ ಮೇಲೆ, ಮುಚ್ಚಿದ ಕೋಣೆಯಲ್ಲಿ ಮೊದಲಿನ ಸೂಕ್ಷ್ಮ ಹನಿಗಳಲ್ಲಿ ನೂರಕ್ಕೆ 78 ಉಳಿದಿರುವುವು; ತೆರೆದ ಕೋಣೆಯಲ್ಲಿ ನೂರಕ್ಕೆ 5. ಘಾತೀಯ ಕ್ಷಯದ ಸಮೀಕರಣವನ್ನು ಕಲಿತ ಯಾವ ವಿದ್ಯಾರ್ಥಿಯಾದರೂ ಈ ಲೆಕ್ಕವನ್ನು ಮಾಡಿ ನೋಡಬಹುದು. ವಿಕಿರಣಶೀಲ ಧಾತುವಿಗೆ ಬಳಸುವ ಸಮೀಕರಣವೇ ಅದು, ಅಕ್ಷರಗಳು ಮಾತ್ರ ಬೇರೆ.

ಈ ಮಾತನ್ನು ವಿದ್ವಾಂಸರು ಒಪ್ಪಿದುದು ಬಹಳ ತಡವಾಗಿ. ವಿಶ್ವ ಆರೋಗ್ಯ ಸಂಸ್ಥೆಯು ಗಾಳಿಯ ಮೂಲಕ ಹರಡುವಿಕೆಯನ್ನು ತನ್ನ ಪ್ರಶ್ನೋತ್ತರದಲ್ಲಿ ಸ್ಪಷ್ಟವಾಗಿ ಬರೆದುದು 2021ರ ಏಪ್ರಿಲ್ ಕೊನೆಯಲ್ಲಿ. ನಮ್ಮ ದೇಶದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯು ಸೂಕ್ಷ್ಮ ಹನಿಗಳು ಹತ್ತು ಮೀಟರಿನವರೆಗೂ ಸಾಗಬಲ್ಲವು, ಮನೆಗಳಲ್ಲಿ ಗಾಳಿಯಾಡಲು ಬಿಡಿರಿ ಎಂಬ ಸಲಹಾಪತ್ರವನ್ನು ಹೊರಡಿಸಿದುದು ಅದೇ ವರ್ಷದ ಮೇ 20ರಂದು. ಅಷ್ಟು ಹೊತ್ತಿಗೆ ಎರಡನೆಯ ಅಲೆಯು ಊರೂರುಗಳಲ್ಲಿ ಮನೆಗಳನ್ನು ಹೊಕ್ಕಿದ್ದಿತು. ಸಾಕ್ಷ್ಯವು ತಡವಾಗಿ ಬರುವುದು ವಿಜ್ಞಾನದಲ್ಲಿ ಅಪರಾಧವಲ್ಲ. ಆದರೆ ಅದುವರೆಗೆ ನಮ್ಮ ಕಿವಿಗೆ ಬಿದ್ದ ಪದಗಳೆಲ್ಲ ‘ಲಾಕ್’, ‘ಸೀಲ್’, ‘ಬಂದ್’, ‘ದಿಗ್ಬಂಧನ’. ಎಂದರೆ ದಿಕ್ಕುಗಳನ್ನೇ ಕಟ್ಟುವುದು. ಹೀಗಿರುವಾಗ ಕಿಟಕಿ ತೆರೆಯಬೇಕೆಂಬ ಬುದ್ಧಿ ಯಾರಿಗೆ ಬಂದೀತು? ಆಂಗ್ಲರ ‘ವಿಂಡೋ’ ಎಂಬ ಪದವು ಉತ್ತರದ ನಾವಿಕರ ಹಳೆಯ ಭಾಷೆಯಿಂದ ಬಂದುದು, ‘ಗಾಳಿಯ ಕಣ್ಣು’ ಎಂದು ಅದರರ್ಥ. ನಮ್ಮ ಗವಾಕ್ಷಿಯೂ ಕಣ್ಣೇ, ಹಸುವಿನ ಕಣ್ಣು. ನಮ್ಮ ಭಾಗದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮೇಲ್ಗಡೆ ಬೆಳಕಿಂಡಿಯಿರುವುದು. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೋಗುವುದು, ತಂಪು ಗಾಳಿ ಬಾಗಿಲಿನಿಂದ ಬರುವುದು. ಮಳೆ ಬಂದರೆ ಮಾತ್ರ ಅದರ ಮೇಲೆ ಮುಚ್ಚಳ. ಹೊಸ ಕಾಂಕ್ರೀಟಿನ ಮನೆಗಳನ್ನು ಕಟ್ಟಿಸುವವರು ಇದನ್ನು ಹಳ್ಳಿಗಾಡಿನ ಗೊಡ್ಡು ಪದ್ಧತಿಯೆಂದು ಕೈಬಿಡುತ್ತಿರುವುದು ನಮಗೆ ಸರಿ ಕಾಣುವುದಿಲ್ಲ.

ಮನೆಯೊಳಗೆ ಇರುವುದೇ ಎಲ್ಲ ಸಾಂಕ್ರಾಮಿಕಕ್ಕೂ ಮದ್ದೆಂದು ತಿಳಿಯುವುದೂ ಇಂತಹುದೇ ತಪ್ಪು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ನಮ್ಮ ಸೀಮೆಗೂ ಇಳಿಯಿತು. ಬೆಳಗಾವಿಯೂ ಧಾರವಾಡವೂ ಆಗ ಮುಂಬಯಿ ಇಲಾಖೆಗೆ ಸೇರಿದ್ದುವು. ಆಗ ಜನರು ಮಾಡಿದುದು ಇದಕ್ಕೆ ತೀರ ವಿರುದ್ಧ. ನಮ್ಮ ಅಜ್ಜಿಯವರು ತಮ್ಮ ಹಿರಿಯರಿಂದ ಕೇಳಿದ ಮಾತನ್ನು ನಮಗೆ ಹೇಳುತ್ತಿದ್ದರು: ‘ಇಲಿ ಬಿತ್ತಂದ್ರ ಊರು ಬಿಡೋದು.’ ಮನೆಗಳಿಗೆ ಬೀಗವಿಕ್ಕಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ತಿಂಗಳುಗಟ್ಟಲೆ ಇರುತ್ತಿದ್ದರು. ಬೀಗ ಆಗಲೂ ಇದ್ದಿತು, ಜನರು ಅದರ ಹೊರಗಿದ್ದರು! ಇದು ಮೂಢನಂಬಿಕೆಯಲ್ಲ. 1894ರಲ್ಲಿ ಯೆರ್ಸಿನ್ ಎಂಬವರು ಹಾಂಕಾಂಗಿನಲ್ಲಿ ಪ್ಲೇಗಿನ ಜೀವಾಣುವನ್ನು ಕಂಡಿದ್ದರು. 1898ರಲ್ಲಿ ಸಿಮೋನ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯಿಂದ ಇಲಿಗೆ ಅದನ್ನು ಒಯ್ಯುವುದು ಚಿಗಟವೆಂದು ತೋರಿಸಿದರು. ರೋಗವು ಮನೆಯ ನೆಲದಲ್ಲಿ, ಗೋಡೆಯ ಬಿಲದಲ್ಲಿ ಇರುವಾಗ ಮನೆಯೊಳಗೆ ಕೂಡಿಹಾಕುವುದು ಕೊಲ್ಲುವುದಕ್ಕೆ ಸಮ. 1665ರ ಲಂಡನ್ ಪ್ಲೇಗಿನಲ್ಲಿ ರೋಗಿಯಿದ್ದ ಮನೆಗೆ ಕೆಂಪು ಶಿಲುಬೆಯ ಗುರುತು ಹಾಕಿ, ಆರೋಗ್ಯವಂತರನ್ನೂ ಸೇರಿಸಿ ನಲವತ್ತು ದಿನ ಬೀಗವಿಕ್ಕುತ್ತಿದ್ದರು. ಫಲವೇನೆಂಬುದನ್ನು ಊಹಿಸಬಹುದು.

ಅದೇ ಪ್ಲೇಗಿನ ಕಾಲದಲ್ಲಿ ಕೇಂಬ್ರಿಜ್ಜಿನ ವಿದ್ಯಾಲಯವು ಮುಚ್ಚಿದುದರಿಂದ ನ್ಯೂಟನ್ನನು ಮನೆಯಲ್ಲಿ ಕುಳಿತು ದೊಡ್ಡ ದೊಡ್ಡ ಶೋಧಗಳನ್ನು ಮಾಡಿದನೆಂದು 2020ರಲ್ಲಿ ವಿದ್ಯಾರ್ಥಿಗಳಿಗೆ ಬಹಳ ಉಪದೇಶ ನಡೆಯಿತು. ನ್ಯೂಟನ್ನನು ಕೂಡಿಹಾಕಲ್ಪಟ್ಟವನಲ್ಲ, ಊರು ಬಿಟ್ಟು ಹಳ್ಳಿಗೆ ಹೋದವನು. ಸೇಬಿನ ಮರವು ಕೋಣೆಯೊಳಗೆ ಬೆಳೆಯುವುದಿಲ್ಲ.

ಹೆಸರಿನಿಂದ ಆಗುವ ಇನ್ನೊಂದು ಕೇಡು ಇದಕ್ಕಿಂತ ಆಳವಾದುದು. ಆಂಗ್ಲದ ಸೂತ್ರವೊಂದನ್ನು ಆತುರದಲ್ಲಿ ‘ಸಾಮಾಜಿಕ ಅಂತರ’ವೆಂದು ಕನ್ನಡಕ್ಕೆ ತಂದು ಗೋಡೆಗಳ ಮೇಲೆಲ್ಲ ಬರೆದರು. ಬೇಕಾಗಿದ್ದುದು ಎರಡು ಮೀಟರಿನ ದೂರ. ಅದು ದೈಹಿಕ ಅಂತರ. ಸಾಮಾಜಿಕ ಅಂತರವನ್ನು ಈ ನಾಡು ಸಾವಿರ ವರ್ಷಗಳಿಂದ ಬೇಕಾದುದಕ್ಕಿಂತ ಹೆಚ್ಚಾಗಿಯೇ ಪಾಲಿಸಿಕೊಂಡು ಬಂದಿರುವುದು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ ತಿಂಗಳಿನಲ್ಲಿಯೇ ‘ದೈಹಿಕ’ ಎಂಬ ಪದಕ್ಕೆ ತಿರುಗಿತು, ಆದರೆ ನಮ್ಮ ಗೋಡೆಗಳು ತಿರುಗಲಿಲ್ಲ. ಅದೇ ದಿನಗಳಲ್ಲಿ ‘ನಮ್ಮ ಮಡಿ-ಮೈಲಿಗೆಯೇ ಕ್ವಾರಂಟೈನ್, ನಮ್ಮ ಹಿರಿಯರು ಎಲ್ಲವನ್ನೂ ಬಲ್ಲವರಾಗಿದ್ದರು’ ಎಂಬ ಹೆಮ್ಮೆಯ ಮಾತುಗಳೂ ಕೇಳಿಬಂದುವು. ಇದನ್ನು ನಾವು ಒಪ್ಪಲಾರೆವು. ಕ್ವಾರಂಟೈನಿಗೆ ಒಳಗಾದವನು ಹದಿನೈದನೆಯ ದಿನ ಎಲ್ಲರಂತೆ ಬೀದಿಗೆ ಬರುವನು. ಅವನ ಕುಲವನ್ನು ಯಾರೂ ಕೇಳುವುದಿಲ್ಲ. ಹುಟ್ಟಿನಿಂದಲೇ ಮುಟ್ಟಬಾರದವನೆಂದು ಎಣಿಸಲ್ಪಟ್ಟವನಿಗೆ ಯಾವ ಹದಿನೈದನೆಯ ದಿನವೂ ಬರುತ್ತಿರಲಿಲ್ಲ. ದಿನದ ಲೆಕ್ಕವಿಲ್ಲದ ಪ್ರತ್ಯೇಕತೆಯನ್ನು ವಿಜ್ಞಾನವೆಂದು ಕರೆಯುವುದು ವಿಜ್ಞಾನಕ್ಕೆ ಮಾಡುವ ಅಪಚಾರ.

ಬಾಗಿಲಿನ ಚೀಟಿಯ ವಿಷಯವಾಗಿಯೂ ಒಂದು ಮಾತು. ಸಮರ್ಥ ಅಧಿಕಾರಿಯ ನಿರ್ದಿಷ್ಟ ಆಜ್ಞೆಯಿಲ್ಲದೆ ರೋಗಿಗಳ ಮನೆಯ ಹೊರಗೆ ಇಂತಹ ಚೀಟಿಗಳನ್ನು ಅಂಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ನಮ್ಮ ಬಾಗಿಲಿನ ಚೀಟಿಯ ಅಂಟು ಇನ್ನೂ ಹೋಗಿಲ್ಲ. ಅವಮಾನಕ್ಕೆ ಹೆದರಿ ಜ್ವರವನ್ನು ಮುಚ್ಚಿಟ್ಟವರು ನಮ್ಮ ಓಣಿಯಲ್ಲಿಯೇ ಇದ್ದರು. ಸೆರೆಯ ಪದವನ್ನು ಬಳಸಿದರೆ ರೋಗಿಯು ಅಪರಾಧಿಯಂತೆ ಅಡಗಿಕೊಳ್ಳುವುದು ಸಹಜವಷ್ಟೆ. ಕಾಯಿದೆಯೂ ಹಳೆಯದೇ: 2020ರ ಮಾರ್ಚಿನಲ್ಲಿ ನಮ್ಮ ಸರ್ಕಾರವು ನಿಯಮಗಳನ್ನು ಹೊರಡಿಸಿದುದು ಪ್ಲೇಗಿನ ಕಾಲದ 1897ರ ಕಾಯಿದೆಯ ಆಧಾರದ ಮೇಲೆ.

ರಾಮದುರ್ಗದ ಹೊಳೆದಂಡೆಯ ಊರುಗಳ ಮಾತನ್ನೂ ಇಲ್ಲಿ ಹೇಳಬೇಕು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ಹೊರಬಿಟ್ಟ ನೀರು ಆ ಊರುಗಳಿಗೆ ನುಗ್ಗಿ ಎಷ್ಟೋ ಮಣ್ಣಿನ ಮನೆಗಳನ್ನು ಕೆಡವಿತು. ಏಳು ತಿಂಗಳು ಕಳೆದ ಮೇಲೆ ಅದೇ ಜನರಿಗೆ ‘ಮನೆಯೊಳಗೇ ಇರಿ’ ಎಂಬ ಆಜ್ಞೆ ಬಂದಿತು. ಗೋಡೆಯೇ ಏಳದವನು ಯಾವ ಮನೆಯೊಳಗೆ ಇರಬೇಕು? ಆಂಗ್ಲದಿಂದ ಬಂದ ಪದಕ್ಕೆ ಬೀಗವು ತಿಳಿದಿದ್ದಿತು, ಬಾಗಿಲಿಲ್ಲದ ಮನೆ ತಿಳಿದಿರಲಿಲ್ಲ.

ಹಾಗಾದರೆ ನಾವು ಬಯಸುವ ಹೆಸರಾವುದು? ಲಾಕ್‌ಡೌನ್ ಎಂಬುದನ್ನು ಕಿತ್ತುಹಾಕಬೇಕೆಂಬ ಹಟ ನಮಗಿಲ್ಲ; ಅದು ಬಸ್ಸು, ಕಾಲೇಜುಗಳಂತೆ ಜನರ ಬಾಯಿಯಲ್ಲಿ ಕನ್ನಡವಾಗಿ ಹೋಗಿರುವುದು. ಊರೆಲ್ಲವನ್ನೂ ಮುಚ್ಚುವ ಆಡಳಿತದ ಕ್ರಮಕ್ಕೆ ಅದಿರಲಿ. ಆದರೆ ರೋಗಿಯೊಬ್ಬನು, ಅಥವಾ ರೋಗಿಯನ್ನು ಮುಟ್ಟಿದವನೊಬ್ಬನು, ಇತರರ ಹಿತಕ್ಕಾಗಿ ಕೆಲವು ದಿನ ಬೇರೆಯಾಗಿರುವುದಕ್ಕೆ ‘ಗೃಹಬಂಧನ’ ಸಲ್ಲದು. ಬಂಧನವು ಇನ್ನೊಬ್ಬರು ಮಾಡುವಂಥದು, ವಾಸವು ತಾನೇ ಮಾಡುವಂಥದು. ಪಾಂಡವರ ಅಜ್ಞಾತವಾಸಕ್ಕೆ ಒಂದು ವರ್ಷವೆಂಬ ಮಿತಿಯಿದ್ದಿತು. ಮುಗಿದ ದಿನ ಅವರು ತಲೆಯೆತ್ತಿ ಹೊರಬಂದರು. ಆ ಮಾದರಿಯ ಮೇಲೆ ‘ಅವಧಿವಾಸ’ವೆಂದು ಕರೆಯಬಹುದೆಂದು ನಮಗೆ ತೋರುವುದು. ವೆನಿಸ್ಸಿನವರ ಎಣಿಕೆಯೂ ಅದರಲ್ಲಿ ಉಳಿಯುವುದು. ‘ಸೆರೆವಾಸ’ವೂ ವಾಸವೇ ಅಲ್ಲವೆ ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು, ಅವರ ಆಕ್ಷೇಪಕ್ಕೆ ನಮ್ಮಲ್ಲಿ ಪೂರ್ಣವಾದ ಉತ್ತರವಿಲ್ಲ. ಇದಕ್ಕಿಂತ ಒಳ್ಳೆಯ ಪದವನ್ನು ವಾಚಕರು ಸೂಚಿಸಿದರೆ ಸಂತೋಷದಿಂದ ಒಪ್ಪುವೆವು.

ಕಿತ್ತೂರಿನ ಆ ವಿದ್ಯಾರ್ಥಿಯನ್ನು ಕರೆದು ಈ ಎಲ್ಲವನ್ನೂ ಹೇಳಿದೆವು. ಅವನು ತಾಳ್ಮೆಯಿಂದ ಕೇಳಿ, ತನ್ನ ಲೇಖನವನ್ನು ತೆಗೆದುಕೊಂಡು ಹೋಗಿ, ಮೂರು ದಿನಗಳ ಮೇಲೆ ತಂದುಕೊಟ್ಟನು. ‘ಲಾಕ್‌ಡೌನ್ ಮಾಡಿದರು’ ಎಂಬುದನ್ನು ಹೊಡೆದು ‘ಸೆರೆಯಲ್ಲಿಟ್ಟರು’ ಎಂದು ಬರೆದಿದ್ದನು. ಅದರ ಕೆಳಗೆ, ಅಚ್ಚಿಗೆ ಅಲ್ಲ, ನಮಗೆಂದು, ಪೆನ್ಸಿಲಿನಲ್ಲಿ ಇನ್ನೊಂದು ಸಾಲಿದ್ದಿತು: ‘ಸರ್, ನಮ್ಮ ಅಕ್ಕನ ಬಾಣಂತನದ ಕೋಣೆಯ ಕಿಟಕಿಯನ್ನೂ ಬಟ್ಟೆ ತುರುಕಿ ಮುಚ್ಚ್ಯಾರ, ಹೊರಸಿನ ಕೆಳಗ ಕೆಂಡ ಇಟ್ಟಾರ. ಅದಕ್ಕ ಏನಂತಾರ?’

ಆಂಗ್ಲರು ಹೆರಿಗೆಯ ದಿನಗಳಿಗೆ ಬಳಸುತ್ತಿದ್ದ ಪದಕ್ಕೂ ‘ಕೂಡಿಡುವಿಕೆ’ ಎಂದೇ ಅರ್ಥವೆಂದು ಅವನಿಗೆ ಹೇಳಲು ಹೊರಟವರು ಅಲ್ಲಿಗೇ ನಿಲ್ಲಿಸಿದೆವು. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನು ಆಮ್ಲಜನಕಕ್ಕಿಂತ ಅದನ್ನು ಇನ್ನೂರು ಪಾಲಿಗೂ ಮಿಕ್ಕಿ ಬಲವಾಗಿ ಹಿಡಿದುಕೊಳ್ಳುವುದು. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಅಂದೇ ಸಂಜೆಯ ಬಸ್ಸಿಗೆ ಊರಿಗೆ ಹೋಗಿ ಮೊದಲು ಕೆಂಡವನ್ನು ಹೊರಗಿಟ್ಟು ಕಿಟಕಿಯ ಬಟ್ಟೆಯನ್ನು ತೆಗೆಯುವಂತೆ ಹೇಳಿದೆವು. ಅವನ ಅಜ್ಜಿ ಒಪ್ಪಲಿಲ್ಲವಂತೆ. ಮರುದಿನ ಫೋನಿನಲ್ಲಿ ನಾವೇ ಅವರೊಡನೆ ಮಾತನಾಡಿದೆವು. ಕೆಂಡವು ಹೊರಗೆ ಹೋಯಿತು. ಕಿಟಕಿಯು ಅರ್ಧ ತೆರೆಯಿತು.